ಮೆಕ್ಕೆಜೋಳದ ರಸ್ತೆಗೆ ಬಂದ ಇಮಿನೆಂಟ್

ದೈಹಿಕ ಶಿಕ್ಷಣ ಶಿಕ್ಷಕನಾಗಿ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಎಂದು ಮೂರು ತಾಲ್ಲೂಕು ಸುತ್ತಿ ಕೊನೆಗೆ ಕೊಟ್ಟೂರಿನಲ್ಲಿ ನಿವೃತ್ತನಾದವನು ನಾನು. ಸೇವೆಯುದ್ದಕ್ಕೂ ಮಕ್ಕಳನ್ನು ಸುಣ್ಣದ ಗೆರೆಯ ಮೇಲೆ ನಿಲ್ಲಿಸಿ ಓಡಿಸಿದ್ದೇನೆ. ಓಟ ಬಿಡಿಸುವವನಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ‘ಗೆಟ್ ಸೆಟ್’ ಎಂದ ಮೇಲೆ ಸೀಟಿ ಊದುವವರೆಗಿನ ಹೊತ್ತು ಬಹಳ ಚಿಕ್ಕದಿರಬೇಕು. ಮೊಣಕಾಲು ಮಡಚಿ, ಬೆರಳು ನೆಲಕ್ಕೂರಿ, ಉಸಿರು ಹಿಡಿದು ಕೂತ ಹುಡುಗ ಹಾಗೆ ಹೆಚ್ಚು ಹೊತ್ತು ಇರಲಾರ. ಸೀಟಿ ತಡವಾದರೆ ಒಬ್ಬ ಮುಗ್ಗರಿಸುತ್ತಾನೆ, ಇನ್ನೊಬ್ಬ ಎದ್ದು ನಿಂತು ಮೂಗು ಒರೆಸಿಕೊಳ್ಳುತ್ತಾನೆ, ಮತ್ತೊಬ್ಬ ಓಡಿಯೇ ಬಿಡುತ್ತಾನೆ. ಇಂಗ್ಲಿಷಿನಲ್ಲಿ ಇಮಿನೆಂಟ್ ಎಂಬ ಪದ ಕಂಡಾಗಲೆಲ್ಲ ನನಗೆ ನೆನಪಾಗುತ್ತಿದ್ದುದು ಆ ಹೊತ್ತು.

ನಿಘಂಟು ಅದನ್ನು ಸನ್ನಿಹಿತ, ಆಸನ್ನ ಎನ್ನುತ್ತದೆ. ನಮ್ಮ ಕಡೆ ಆಡುಮಾತಿನಲ್ಲಿ ‘ಇನ್ನೇನು’ ಎಂದರೆ ಮುಗಿಯಿತು. ಆದರೆ ನಮ್ಮ ‘ಇನ್ನೇನು’ ಬಹಳ ಉದಾರಿ. ಇನ್ನೇನು ಬಸ್ಸು ಬಂತು ಎಂದರೆ ಒಂದು ಚಹಾ ಕುಡಿಯಬಹುದು. ಇನ್ನೇನು ಮದುವೆ ಆಯಿತು ಎಂದರೆ ಹೆಣ್ಣು ನೋಡಲು ಹೋಗುವವರಿದ್ದಾರೆ ಎಂದರ್ಥ. ಇಂಗ್ಲಿಷಿನ ಪದ ಅಷ್ಟು ಸಡಿಲವಲ್ಲ. ತಲೆಯ ಮೇಲೆ ಚಾಚಿ ನಿಂತ ಬಂಡೆಯಂತೆ ಅದು. ಯುದ್ಧ, ಸಾವು, ಬಿರುಗಾಳಿ, ಗೋಡೆ ಬೀಳುವುದು, ಇಂಥವುಗಳ ಜೊತೆಗೇ ಅದಕ್ಕೆ ಸ್ನೇಹ. ಊಟ ಸಿದ್ಧವಾಗುತ್ತಿದೆ ಎನ್ನಲು ಯಾರೂ ಅದನ್ನು ಬಳಸುವುದಿಲ್ಲ, ಅಡುಗೆ ಮಾಡುವವರ ಮೇಲೆ ಸಿಟ್ಟಿದ್ದರೆ ಹೊರತು. ಇಷ್ಟು ಬಿಗಿಯಾದ ಪದವೊಂದು ಹರಪನಹಳ್ಳಿ ತಾಲ್ಲೂಕಿನ ಒಂದು ಹಳ್ಳಿಗೆ ಬಂದು, ಮೆಕ್ಕೆಜೋಳದ ರಸ್ತೆಯಲ್ಲಿ ಒಂದು ಸುಗ್ಗಿ ಕಳೆದ ರೀತಿಯನ್ನು ನಾನು ಕಣ್ಣಾರೆ ಕಂಡವನು. ಅದನ್ನು ಅಲ್ಲಿಗೆ ಕರೆತಂದವನೂ ನಾನೇ.

ಆ ಹಳ್ಳಿ ನನ್ನ ತಂಗಿಯ ಗಂಡನ ಊರು, ಹಲವಾಗಲಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿದೆ. ಆ ವರ್ಷ ಬೇಸಿಗೆಯಲ್ಲಿ ತಂಗಿಯ ಗಂಡ ತೀರಿಕೊಂಡಿದ್ದರು. ಇದ್ದೊಬ್ಬ ಮಗಳನ್ನು ಹಡಗಲಿಗೆ ಕೊಟ್ಟಾಗಿತ್ತು. ಮುಂಗಾರು ಶುರುವಾದಾಗ, ಹೊಲ ಈ ವರ್ಷ ಬೀಳು ಬಿಡುತ್ತಾಳೆ ಎಂದು ಊರು ಅಂದುಕೊಂಡಿತ್ತು. ತಂಗಿ ಯಾರನ್ನೂ ಕೇಳದೆ ಬೀಜ ತಂದು, ಆಳು ಕರೆದು ಮೆಕ್ಕೆಜೋಳ ಬಿತ್ತಿಸಿದಳು. ಗೊಬ್ಬರ ಹಾಕಿಸಿದಳು, ಕಳೆ ತೆಗೆಸಿದಳು. ಬೆಳೆ ಚೆನ್ನಾಗಿ ಬಂತು. ಕಟಾವಿಗೆ ಮನೆಯಲ್ಲೊಬ್ಬರು ಇರಲಿ ಎಂದು ನನ್ನನ್ನು ಕರೆಸಿಕೊಂಡಳು. ನಾನು ಕೊಟ್ಟೂರಿನಿಂದ ಒಂದು ಚೀಲ ಬಟ್ಟೆ, ಕೈಗಡಿಯಾರ ಮತ್ತು ಕೊರಳಿಗೆ ಹಾಕಿಕೊಳ್ಳುವ ದಾರದ ಸಮೇತ ನನ್ನ ಸೀಟಿಯೊಂದಿಗೆ ಹೋದೆ. ಸೀಟಿ ಯಾಕೆ ಎಂದು ತಂಗಿ ಕೇಳಲಿಲ್ಲ. ಕನ್ನಡಕ ಯಾಕೆ ಎಂದು ಯಾರಾದರೂ ಕೇಳುತ್ತಾರೆಯೇ?

ಒಕ್ಕುವ ಮಷಿನ್ ಬಂದು ಹೋದ ಸಂಜೆ, ತಂಗಿಯ ಮೈದುನ ಮನೆಗೆ ಬಂದ. ಪಕ್ಕದ ಹೊಲ ಅವನದು. ಟ್ರ್ಯಾಕ್ಟರ್ ಇದೆ, ನಾಲ್ಕು ಆಳಿದ್ದಾರೆ, ಊರಿನಲ್ಲಿ ಮಾತು ನಡೆಯುತ್ತದೆ. ಓಣಿಯ ಇಬ್ಬರು ಹಿರಿಯರನ್ನೂ ಜೊತೆಗೆ ಕರೆತಂದಿದ್ದ. ಕಟ್ಟೆಯ ಮೇಲೆ ಕೂತು ನೀರು ಕುಡಿದು ವಿಷಯಕ್ಕೆ ಬಂದ.

“ಅತ್ತಿಗಿ, ಕಾಳು ಹಸಿ ಐತಿ. ನಾಳೆ ಲಾರಿ ಬರತೈತಿ, ಹಂಗ ತೂಗಿಸಿ ಕೊಟ್ಟುಬಿಡ್ರಿ. ಒಣಗಿಸೋದು, ಕಾಯೋದು, ಚೀಲ ತುಂಬೋದು ನಿಮ್ಮ ಕೈಲಿ ಎಲ್ಲಿ ಆಗತೈತಿ?”

“ಹಸಿ ಕಾಳು ಅಂದ್ರ ವ್ಯಾಪಾರದವನು ಎಷ್ಟು ಹೇಳ್ತಾನ ಅಷ್ಟ ರೇಟು. ನಾ ಒಣಗಿಸಿ ಕೊಡ್ತೀನಿ.”

“ಒಬ್ಬಾಕಿ?”

“ಅಣ್ಣ ಬಂದಾನಲ್ಲ.”

ಮೈದುನ ನನ್ನ ಕಡೆ ನೋಡಿದ. ಆ ನೋಟದಲ್ಲಿ ನನ್ನ ಇಡೀ ಸೇವಾವಧಿಗೆ ಸಿಕ್ಕ ಬೆಲೆ ಏನೆಂದು ನನಗೆ ತಿಳಿಯಿತು.

“ಹಿಂಗ ಮಾಡೋಣು,” ಅಂದ ಅವನು ಹಿರಿಯರ ಕಡೆ ತಿರುಗಿ. “ಅತ್ತಿಗಿ ಈ ರಾಶಿ ಒಣಗಿಸಿ, ಚೀಲ ತುಂಬಿಸಿ, ಮಾರಿ ತೋರಿಸ್ಲಿ. ಬರೋ ವರ್ಷಾನೂ ಆಕಿನ ಹೊಲ ಮಾಡ್ಲಿ, ನಾ ಬಾಯಿ ತೆಗಿಯಂಗಿಲ್ಲ. ಆಗಲಿಲ್ಲ ಅಂದ್ರ ಹೊಲ ನನಗ ಪಾಲಿಗೆ ಬಿಡ್ಲಿ. ಆಕಿ ಪಾಲು ಆಕಿ ಮನಿಗೆ ತಂದು ಹಾಕ್ತೀನಿ.”

ಹಿರಿಯರು ಮೀಸೆ ಸವರಿಕೊಂಡರು. ಅವರಿಗೆ ಇದರಲ್ಲಿ ಅನ್ಯಾಯ ಕಾಣಲಿಲ್ಲ. ತಂಗಿ ಮೊರದಲ್ಲಿದ್ದ ಕಾಳನ್ನು ಒಮ್ಮೆ ಹಾರಿಸಿ, “ಆತು” ಅಂದಳು. ಅವಳು ಅಷ್ಟು ಬೇಗ ಒಪ್ಪಿದ್ದು ನನಗೆ ಸರಿಬರಲಿಲ್ಲ. ಆದರೆ ಹೊಲ ಅವಳದು, ಮಾತೂ ಅವಳದೇ.

ನಮ್ಮ ಕಡೆಯ ಹಳ್ಳಿಗಳಲ್ಲಿ ಕಣ ಎಂಬುದು ಈಗ ಹೆಸರಿಗೆ ಮಾತ್ರ. ಮೆಕ್ಕೆಜೋಳ ಒಣಗುವುದು ಡಾಂಬರು ರಸ್ತೆಯ ಮೇಲೆ. ಸುಗ್ಗಿ ಬಂತೆಂದರೆ ರಸ್ತೆಯ ಅರ್ಧ ಭಾಗ ಹಳದಿಯಾಗುತ್ತದೆ, ಉಳಿದರ್ಧದಲ್ಲಿ ಬಸ್ಸು, ಬೈಕು ಓಡಾಡುತ್ತವೆ. ಇದಕ್ಕೆ ಬರೆಯದ ಕಾನೂನಿದೆ. ಕಾಳು ಹರವಿದಷ್ಟು ಹೊತ್ತು ಆ ಜಾಗ ಹರವಿದವರದು. ಅಂಚಿಗೆ ಸಾಲಾಗಿ ಕಲ್ಲಿಟ್ಟರೆ ಬಸ್ಸಿನವನೂ ಮುಟ್ಟುವುದಿಲ್ಲ. ಕಾಳನ್ನು ಹಲಗೆಯಿಂದ ಗೋರಿ ಗುಡ್ಡೆ ಮಾಡಿ ಪ್ಲಾಸ್ಟಿಕ್ ತಾಡಪತ್ರಿ ಮುಚ್ಚಿದರೆ, ಗುಡ್ಡೆಯ ಕೆಳಗಿನ ನೆಲ ಮಾತ್ರ ನಿಮ್ಮದು. ಸುತ್ತಲಿನ ಖಾಲಿ ರಸ್ತೆ ಯಾರು ಮೊದಲು ಹರವುತ್ತಾರೋ ಅವರದು. ಅವರು ಸಂಜೆ ಗೋರುವವರೆಗೆ ಜಾಗ ಬಿಡಿ ಎಂದು ಕೇಳುವ ಹಾಗಿಲ್ಲ. ಬಂದ ಎರಡೇ ದಿನದಲ್ಲಿ ನಾನು ಈ ಕಾನೂನನ್ನು ಕಲಿತೆ. ಮೈದಾನದ ನಿಯಮಗಳಿಗಿಂತ ಅದು ಹೆಚ್ಚು ಕಟ್ಟುನಿಟ್ಟು.

ಮೂರನೆಯ ದಿನ ಮಧ್ಯಾಹ್ನ ನನ್ನ ಫೋನಿಗೆ ಸರ್ಕಾರದ ಎಚ್ಚರಿಕೆಯ ಸಂದೇಶ ಬಂತು. ತಾಲ್ಲೂಕಿನಲ್ಲಿ ಗುಡುಗು, ಸಿಡಿಲು, ಮಳೆ ಇಮಿನೆಂಟ್ ಎಂದು ಅದರಲ್ಲಿತ್ತು. ಎಲ್ಲರ ಫೋನಿಗೂ ಬಂದಿರಬೇಕು. ಆದರೆ ರೀಚಾರ್ಜು, ಸಾಲ, ಬಹುಮಾನ ಎಂದು ಬರುವುದನ್ನೆಲ್ಲ ಓದದೆ ಅಳಿಸುವುದು ಊರಿನ ರೂಢಿ. ನನಗೆ ಬಂದದ್ದನ್ನು ಪೂರ್ತಿ ಓದುವುದು ನನ್ನ ರೂಢಿ. ಆಕಾಶದಲ್ಲಿ ಮೋಡವಿರಲಿಲ್ಲ. ರಸ್ತೆಬದಿಯ ಚಹಾದಂಗಡಿಯಲ್ಲಿ ಕೂತಿದ್ದವರಿಗೆ ಹೇಳಿದೆ.

“ಇಮಿನೆಂಟ್ ಅಂದ್ರ ಏನ್ರಿ ಮಾಸ್ತರ?” ಎಂದು ಅಂಗಡಿಯವನು ಕೇಳಿದ.

“ತಲಿ ಮ್ಯಾಲೆ ಬಂದು ನಿಂತೈತಿ ಅಂತ. ಇನ್ನು ತಡೆಯಾಕ ಆಗಂಗಿಲ್ಲ.”

“ಮಳಿ?”

“ಹೂಂ.”

ಅಂಗಡಿಯವನು ಹೊರಗೆ ಬಂದು ಮೇಲೆ ನೋಡಿದ. ಬಿಸಿಲಿಗೆ ಕಣ್ಣು ಕಿರಿದು ಮಾಡಿದ. “ಎಲ್ಲೈತ್ರಿ?” ಅಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ರಸ್ತೆಗೆ ಹೋಗಿ ಸೀಟಿ ಊದಿದೆ. ಉದ್ದವಾಗಿ, ಮೈದಾನದ ಆ ತುದಿಗೆ ಕೇಳುವ ಹಾಗೆ. ಸೀಟಿಗೆ ಒಂದು ಗುಣವಿದೆ. ನಾನು ಆ ಊರಿನ ಒಬ್ಬರಿಗೂ ಪಾಠ ಮಾಡಿದವನಲ್ಲ. ಆದರೂ ಎಲ್ಲರೂ ಎಂದೋ ಒಂದು ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತವರೇ. ಕಾಲುಗಳು ತಾವಾಗಿ ಎದ್ದವು. ಗೊಣಗುತ್ತಲೇ ಗೋರಿದರು, ಮುಚ್ಚಿದರು. ಒಂದು ತಾಸಿನೊಳಗೆ ಮೋಡ ಎಲ್ಲಿಂದಲೋ ಓಡಿಬಂದು ರಸ್ತೆಯನ್ನು ತೊಳೆದು ಹೋಯಿತು. ಒಂದು ಕಾಳೂ ನೆನೆಯಲಿಲ್ಲ.

ಅಂದಿನಿಂದ ನನಗೆ ಚಹಾದಂಗಡಿಯಲ್ಲಿ ಖಾಯಂ ಜಾಗ ಸಿಕ್ಕಿತು. ಮಂಡಕ್ಕಿ ಮೆಣಸಿನಕಾಯಿ ಕೇಳದೆಯೇ ಬರತೊಡಗಿತು. ಬೆಳಿಗ್ಗೆ ನಾನು ಅಂಗಳದಲ್ಲಿ ವ್ಯಾಯಾಮ ಮಾಡುವಾಗ ಕದ್ದು ನೋಡಿ ನಗುತ್ತಿದ್ದ ಹೆಂಗಸರು ಈಗ ಎದುರಿಗೇ ನಿಂತು ಕೇಳುತ್ತಿದ್ದರು: “ಮಾಸ್ತರ, ಇವತ್ತು ಇಮಿನೆಂಟ್ ಐತೇನ್ರಿ?”

ಇತ್ತು. ಮರುದಿನವೂ ಇತ್ತು, ಅದರ ಮರುದಿನವೂ. ಅದು ಸುಳ್ಳು ಹೇಳುತ್ತಿರಲಿಲ್ಲ. ಸಂದೇಶ ಇಡೀ ತಾಲ್ಲೂಕಿಗೆ, ತಾಲ್ಲೂಕು ದೊಡ್ಡದು. ಉಚ್ಚಂಗಿದುರ್ಗದ ಕಡೆ ಬೆಟ್ಟದ ಮೇಲೆ ಹೊಡೆಯಿತು ಎಂದು ಬಸ್ಸಿನವರು ಹೇಳುತ್ತಿದ್ದರು. ನಮ್ಮ ರಸ್ತೆಯಲ್ಲಿ ಡಾಂಬರು ಕಾಲು ಸುಡುತ್ತಿತ್ತು. ಆದರೆ ಸಂದೇಶ ಬಂದ ಮೇಲೆ ಊದದಿರಲು ನನಗೆ ಮನಸ್ಸಾಗಲಿಲ್ಲ. ನಾನು ಊದಿದೆ. ಅವರು ಮುಚ್ಚಿದರು. ಮಳೆ ಬರಲಿಲ್ಲ. ನಾಳೆಯೇ ಬಂದರೆ, ಮುಚ್ಚದವನು ತಾನೊಬ್ಬನೇ ಆದರೆ ಎಂಬ ಅಂಜಿಕೆಯಿಂದ ಮರುದಿನವೂ ಮುಚ್ಚಿದರು.

ಊರು ಆ ಪದವನ್ನು ತನ್ನದಾಗಿಸಿಕೊಂಡಿತು. ತನ್ನ ಮನೆಗೆ ಬೀಗರು ಊಟಕ್ಕೆ ಬರುವ ದಿನ ಎದುರುಮನೆಯ ಹೆಂಗಸು, “ಇಮಿನೆಂಟ್ ಅದಾರ, ರೊಟ್ಟಿ ಬೇಗ ಬಡಿ” ಎಂದು ಸೊಸೆಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು. ಕೂಡ್ಲಿಗಿ ಕಡೆಯಿಂದ ಬರಬೇಕಾದ ಕೂಲಿಯವರ ಗುಂಪು ಬಾರದೆ ವಾರವಾದಾಗ ಒಬ್ಬ, “ಅವರದು ಇನ್ನಾ ಇಮಿನೆಂಟ” ಅಂದ. ಪದದ ಬಿಗಿ ಅಲ್ಲಿಗೆ ಮುಗಿಯಿತು. ನಮ್ಮ ‘ಇನ್ನೇನು’ ಹತ್ತಿರ ಸಂಸಾರಕ್ಕೆ ಬಂದು ಅದೂ ಕಾಲು ಚಾಚಿ ಮಲಗಿತು. ಚಹಾದಂಗಡಿಯ ಹಿರಿಯರೊಬ್ಬರು ಒಂದು ದಿನ ನನ್ನ ಫೋನನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಮೈಲಾರದ ಗೊರವಯ್ಯ ಜಾತ್ರ್ಯಾಗ ಕಾರ್ಣಿಕ ಅಂತ ವರ್ಷಕ್ಕ ಒಂದ ಮಾತು ಹೇಳ್ತಾನ್ರಿ. ಅದರ ಅರ್ಥ ಹುಡುಕೋದ್ರಾಗ ನಮಗ ವರ್ಷ ಕಳೀತೈತಿ. ಇದು ದಿನಕ್ಕೊಂದು ಹೇಳಾಕತೈತಿ. ನಾವು ಹೆಂಗ ಬದುಕೋದ್ರಿ?”

ಇವೆಲ್ಲ ತಮಾಷೆ. ತಂಗಿಯ ರಾಶಿಯ ಸ್ಥಿತಿ ತಮಾಷೆಯಾಗಿರಲಿಲ್ಲ.

ಸೀಟಿ ಊದಿದ ಕೂಡಲೇ ನಾನು, ತಂಗಿ, ಮತ್ತು ಒಬ್ಬ ಕೂಲಿ ಹೆಂಗಸು, ಮೂವರೂ ಸೇರಿ ಗೋರುತ್ತಿದ್ದೆವು. ಮುಚ್ಚಿ ಕಲ್ಲು ಹೇರಿ ಮನೆಗೆ ಬಂದು ಕೂರುತ್ತಿದ್ದೆವು. ಉಳಿದವರೂ ಹಾಗೇ. ಮೈದುನನ ನಾಲ್ಕು ಆಳು ಮಾತ್ರ ಬೇವಿನ ಮರದ ನೆರಳಲ್ಲಿ ಬೀಡಿ ಸೇದುತ್ತ ಕೂತಿರುತ್ತಿದ್ದರು. ಆಕಾಶ ಬಿಕೋ ಎನ್ನುವುದು ಖಾತ್ರಿಯಾದೊಡನೆ ತಾಡಪತ್ರಿ ಎಳೆದು, ತಮ್ಮ ಜಾಗದ ಮೇಲೂ ನಮ್ಮ ಜಾಗದ ಮೇಲೂ ಕಾಳು ಹರವಿಬಿಡುತ್ತಿದ್ದರು. ನಾವು ಓಡಿ ಹೋಗುವಷ್ಟರಲ್ಲಿ ನಮ್ಮ ಗುಡ್ಡೆಯ ನಾಲ್ಕೂ ಕಡೆ ಮೈದುನನ ಮೆಕ್ಕೆಜೋಳ ಹಾಸಿರುತ್ತಿತ್ತು, ದ್ವೀಪದ ಸುತ್ತ ನೀರಿನಂತೆ. ಕಾನೂನಿನ ಪ್ರಕಾರ ಅವನದರಲ್ಲಿ ತಪ್ಪಿಲ್ಲ. ಇಡೀ ಮಧ್ಯಾಹ್ನ ನಮ್ಮ ಹಸಿ ಕಾಳು ತಾಡಪತ್ರಿಯ ಕೆಳಗೆ ಬೆವರುತ್ತಿತ್ತು.

ಒಂದು ಸಂಜೆ ತಂಗಿ ಗುಡ್ಡೆಯೊಳಗೆ ಮೊಣಕೈವರೆಗೆ ಕೈ ತೂರಿಸಿ ತೆಗೆದಳು. “ಮುಟ್ಟಿ ನೋಡು,” ಅಂದಳು. ನಾನೂ ಕೈ ಹಾಕಿದೆ. ಒಲೆಯ ಮೇಲಿಂದ ಇಳಿಸಿದ ಅನ್ನದ ಹಾಗೆ ಒಳಗೆಲ್ಲ ಬಿಸಿ. ಹುಳಿಯಾದ ವಾಸನೆ.

“ಹಿಂಗ ನಾಕು ದಿನ ಆದ್ರ ಬೂಷ್ಟು ಹಿಡಿತೈತಿ ಅಣ್ಣಾ. ಆಮ್ಯಾಲೆ ಕೋಳಿಗೂ ತಗಳಂಗಿಲ್ಲ.”

“ಮತ್ತ ಮಳಿ ಬಂದ್ರ?”

“ಮಳಿ ಬಂದ್ರ ಮಳಿಗೆ ಹೋಗತೈತಿ. ಮಳಿ ಬರದ ಹೋಗಾಕತೈತಲ್ಲ, ಅದು ನೋಡು.”

ಆಗ ಮೈದುನ ಬೈಕಿನಲ್ಲಿ ಹಾದುಹೋದ. ನಿಲ್ಲಿಸಿ ಒಂದು ಕಾಲು ನೆಲಕ್ಕೂರಿದ. “ಅತ್ತಿಗಿ, ಲಾರಿಯವನು ಇನ್ನಾ ಹರಪನಹಳ್ಳಿಯಾಗ ಅದಾನ. ಹೇಳ್ರಿ, ಕರೀತೀನಿ.” ಆಮೇಲೆ ನನ್ನ ಕಡೆ ನೋಡಿ ಬಹಳ ಮರ್ಯಾದೆಯಿಂದ, “ಮಾಸ್ತರ ಸೀಟಿ ಭಾಳ ಚಲೋ ಐತ್ರಿ. ದಿನಾ ಊದ್ರಿ,” ಅಂದ.

ಬೈಕಿನ ಸದ್ದು ದೂರವಾಯಿತು. ತಂಗಿ ರಸ್ತೆಯ ಉದ್ದಕ್ಕೂ ನೋಡಿದಳು. ಎರಡು ತುದಿಗೂ ಮುಚ್ಚಿದ ಗುಡ್ಡೆಗಳು, ನಡುವೆ ಬಿಸಿ ಆರದ ಖಾಲಿ ಡಾಂಬರು.

“ನಾಳೆ ಇಮಿನೆಂಟ್ ಬರತೈತೇನು?” ಎಂದು ಕೇಳಿದಳು.

“ಅದನ್ನ ನಾ ಹೆಂಗ ಹೇಳ್ಲಿ?”

“ಬಂದ್ರ ಊದು. ಜೋರಾಗಿ ಊದು.”

ಮರುದಿನ ಸಂದೇಶ ಬಂತು. ನಾನು ಊದಿದೆ. ಎಲ್ಲರೂ ಗೋರಿದರು. ತಂಗಿ ಗೋರಲಿಲ್ಲ. ಕೂಲಿ ಹೆಂಗಸಿನ ಜೊತೆ ರಸ್ತೆಬದಿಯಲ್ಲಿ ಸೆರಗು ಹೊದ್ದು ಕೂತಿದ್ದಳು. ನಾನು ಪುಟ್ಟಿ ಹಿಡಿದು ಹೋದರೆ, “ಇಡು ಅಲ್ಲಿ,” ಅಂದಳು. ಅಕ್ಕಪಕ್ಕದವರು ಗುಡ್ಡೆ ಮುಚ್ಚಿ ಮನೆ ಸೇರಿದ ಕೂಡಲೇ ಇಬ್ಬರೂ ಎದ್ದರು. ನಮ್ಮ ಜಾಗದಲ್ಲಿ ದಪ್ಪಗೆ ಬಿದ್ದಿದ್ದ ಕಾಳನ್ನು ಎಡಕ್ಕೂ ಬಲಕ್ಕೂ ಎಳೆದು, ಊರವರು ಬಿಟ್ಟುಹೋದ ರಸ್ತೆಯ ಮೇಲೆ ತೆಳ್ಳಗೆ ಹರವುತ್ತಾ ಹೋದರು. ಮೈದುನನ ಆಳುಗಳ ಬೀಡಿ ಮುಗಿಯುವ ಮೊದಲೇ ಅವರ ಗುಡ್ಡೆಯ ನಾಲ್ಕೂ ಕಡೆ ನಮ್ಮ ಕಾಳು. ಅವರಲ್ಲೊಬ್ಬ ಎದ್ದು ಬಂದ.

“ಯವ್ವಾ, ಇದು ನಮ್ಮ ಜಾಗ.”

“ಗುಡ್ಡಿ ಮಾಡೀರಿ. ಮುಚ್ಚೀರಿ. ಖಾಲಿ ಇತ್ತು.”

“ನಮ್ಮ ಗೌಡ್ರು ಕೇಳಿದ್ರ ಏನ್ ಹೇಳೋದು?”

“ಇಮಿನೆಂಟ್ ಆಗೈತಿ, ಅದಕ್ಕ ಮುಚ್ಚೀವಿ ಅಂತ ಹೇಳು.”

ಅವನು ತಿರುಗಿ ಮರದ ಕಡೆ ನಡೆದ. ತಾನು ಇಷ್ಟು ದಿನ ಪಾಲಿಸಿದ ಕಾನೂನನ್ನು ಇನ್ನೊಬ್ಬರು ಪಾಲಿಸಿದಾಗ ಮನುಷ್ಯ ಎಷ್ಟು ಕಂಗಾಲಾಗುತ್ತಾನೆ ಎಂಬುದನ್ನು ಅಂದು ನೋಡಿದೆ. ಆ ಮಧ್ಯಾಹ್ನ ಮಳೆ ಬರಲಿಲ್ಲ. ತೆಳ್ಳಗೆ ಬಿದ್ದ ಕಾಳಿನ ಮೇಲೆ ಬಿಸಿಲು ತನ್ನ ಪಾಡಿಗೆ ಕೆಲಸ ಮಾಡಿತು. ಸಂಜೆ ಮೈದುನ ಬಂದು ಒಂದು ಹಿಡಿ ಕಾಳು ಎತ್ತಿ ನೋಡಿ ಹೋದ.

ಅದರ ಮರುದಿನ ಹಗಲು ಏರಿದರೂ ಸಂದೇಶ ಬರಲಿಲ್ಲ. ರಸ್ತೆ ತುಂಬ ಊರಿನ ಕಾಳು ಹರಡಿತ್ತು, ನಮ್ಮದು ಮತ್ತೆ ತನ್ನ ಪುಟ್ಟ ಜಾಗದಲ್ಲಿ ದಪ್ಪಗೆ ಬಿದ್ದಿತ್ತು. ತಂಗಿ ಎರಡು ಸಲ ಬಂದು ನನ್ನ ಫೋನಿನೊಳಗೆ ಇಣುಕಿದಳು.

“ಯಾಕ ಬಂದಿಲ್ಲ?”

“ಬರದಿದ್ರ ಮಳಿ ಇಲ್ಲ ಅಂತ.”

“ನೀ ಊದು.”

“ಸಂದೇಶ ಇಲ್ಲದ ಊದೋದಾ? ಆಗಂಗಿಲ್ಲ.”

“ನಿನ್ನಿ ಸಂದೇಶ ಇತ್ತು, ಮಳಿ ಇರಲಿಲ್ಲ. ಇವತ್ತು ಎರಡೂ ಇಲ್ಲ. ಏನ್ ಫರಕು?”

“ಫರಕು ಐತಿ. ನಿನ್ನಿದು ಎಚ್ಚರಿಕಿ. ಇವತ್ತು ಊದಿದ್ರ ಮೋಸ.”

“ನನ್ನ ಮೈದುನ ಮರದ ಬುಡಕ ಕುಂದರಿಸಿದ್ನಲ್ಲ ಆಳು, ಅದು ಏನು?”

“ಅದು ಅವನ ಲೆಕ್ಕ. ಸೀಟಿ ನಂದು.”

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. “ಸಣ್ಣಾಕಿದ್ದಾಗ ಕುಂಟೆಬಿಲ್ಲಿ ಆಡುವಾಗೂ ಹಿಂಗ ಇದ್ದಿ ನೀ. ಗೆರಿ ತುಳಿದಿ ಅಂತ ನನ್ನ ಹೊರಗ ಹಾಕ್ತಿದ್ದಿ.” ಪುಟ್ಟಿಯನ್ನು ಕುಕ್ಕಿ ಹೋದಳು. ರಾತ್ರಿ ರೊಟ್ಟಿ ಬಡಿಸಿದಳು, ಸಾರು ಬಡಿಸಿದಳು, ತಟ್ಟೆ ಇಡುವ ಸದ್ದು ಮಾತ್ರ ಸ್ವಲ್ಪ ಹೆಚ್ಚಿತ್ತು. ಸಂದೇಶ ಬಂದಿದ್ದರೆ ಎಂದು ನಾನೂ ಮನಸ್ಸಿನಲ್ಲಿ ಬಯಸಿದೆ. ಮಳೆಯ ಎಚ್ಚರಿಕೆ ಬರಲಿ, ಮಳೆ ಬಾರದಿರಲಿ ಎಂದು ಹಾರೈಸಿದ ಮನುಷ್ಯ ಆ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಮುಂದಿನ ದಿನಗಳಲ್ಲಿ ಸಂದೇಶ ತಪ್ಪದೆ ಬಂತು. ತಂಗಿಯ ಮುಖ ಅರಳಿತು. ನಾನು ಊದುವುದು, ಊರು ಮುಚ್ಚುವುದು, ಅವಳು ಹರವುವುದು. ಇದನ್ನು ಊರು ಗಮನಿಸಲಿಲ್ಲವೆಂದಲ್ಲ. ಆದರೆ ಮಳೆಯ ಬಾಯಿಗೆ ಕಾಳು ಒಡ್ಡಿದ್ದಾಳೆ, ಇವತ್ತಲ್ಲ ನಾಳೆ ಬುದ್ಧಿ ಬರುತ್ತದೆ ಎಂದು ಮೈದುನನೂ ಸೇರಿ ಎಲ್ಲರೂ ಕಾಯುತ್ತಿದ್ದರು. ಒಬ್ಬರಿಗೆ ಬುದ್ಧಿ ಬರುವುದನ್ನು ಕಾಯುವುದರಲ್ಲಿ ಊರಿಗೆ ಇರುವ ತಾಳ್ಮೆ ಬೇರೆ ಯಾವುದರಲ್ಲೂ ಇಲ್ಲ. ಅಷ್ಟರಲ್ಲಿ ಕಾಳು ಒಣಗಿತು. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಎನ್ನುತ್ತಿತ್ತು. ಇನ್ನೊಂದು ಬಿಸಿಲು ಸಾಕು, ಆಮೇಲೆ ಚೀಲ ತುಂಬಿಸುತ್ತೇನೆ ಎಂದಳು ತಂಗಿ.

ಆ ಇನ್ನೊಂದು ಬಿಸಿಲಿನ ದಿನವೇ ಅದು ಬಂತು. ಮಧ್ಯಾಹ್ನದ ಸೀಟಿ ಊದಿಯಾಗಿತ್ತು. ಊರು ಗುಡ್ಡೆ ಮುಚ್ಚಿ ಮನೆ ಸೇರಿ ಮಲಗಿತ್ತು. ರಸ್ತೆಯ ಉದ್ದಕ್ಕೂ ತಂಗಿಯ ರಾಶಿ ಹಳದಿ ಜಮಖಾನೆಯಂತೆ ಹಾಸಿತ್ತು. ನಾನು ಚಹಾದಂಗಡಿಯ ಬೆಂಚಿನ ಮೇಲಿದ್ದೆ. ಇದ್ದಕ್ಕಿದ್ದ ಹಾಗೆ ಗಾಳಿ ತಿರುಗಿತು. ಹೊಳೆಯ ಕಡೆಯಿಂದ ತಣ್ಣಗೆ ಬೀಸಿತು. ಆ ಕಡೆಯ ಆಕಾಶ ಹೆಂಚಿನ ತಳದಂತೆ ಕಪ್ಪಾಗಿತ್ತು. ಯಾವ ನಿಘಂಟಿನ ಸಹಾಯವೂ ಇಲ್ಲದೆ ಆ ಪದದ ಅರ್ಥ ನನ್ನ ಬೆನ್ನುಹುರಿಯಲ್ಲಿ ಇಳಿಯಿತು. ಎದ್ದು ರಸ್ತೆಗೆ ಓಡಿ ಸೀಟಿ ಊದಿದೆ. ಮತ್ತೆ ಊದಿದೆ.

ಯಾರೂ ಬರಲಿಲ್ಲ. ಯಾಕೆ ಬರಬೇಕು? ಅವರದು ಮುಚ್ಚಿಯಾಗಿತ್ತು. ಒಂದು ಮನೆಯ ಕಿಟಕಿಯಿಂದ, “ಆಗಲೇ ಊದೀರಲ್ಲ ಮಾಸ್ತರ, ಕೇಳೇತ್ರಿ!” ಎಂದು ಯಾರೋ ಕೂಗಿದರು. ಬಂತು, ಈಗ ನಿಜವಾಗಿ ಬಂತು ಎಂದು ಹೇಳಲು ನನ್ನ ಸೀಟಿಯಲ್ಲಿ ಬೇರೆ ಸ್ವರವಿರಲಿಲ್ಲ. ಇದ್ದ ಒಂದನ್ನು ದಿನವೂ ಖರ್ಚು ಮಾಡಿದ್ದೆ.

ತಂಗಿ ರಸ್ತೆಯ ನಡುವೆ ನಿಂತಿದ್ದಳು. ಮೂವರು ಸೇರಿ ಅಷ್ಟುದ್ದದ ಕಾಳು ಗೋರುವುದು ಸಾಧ್ಯವಿಲ್ಲವೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಮೊದಲ ದಪ್ಪ ಹನಿ ಡಾಂಬರಿನ ಮೇಲೆ ಬಿದ್ದು ಹೊಗೆಯಾಡಿತು. ಆಗ ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಗಂಟಲು ಹರಿಯುವ ಹಾಗೆ ಕೂಗಿದಳು:

“ರಾಶಿ ನೆನಿಯಾಕತೈತಿ, ಬರ್ರೆಪ್ಪೋ! ರಾಶಿ!”

ಆ ಊರಿನ ಇನ್ನೊಂದು ಕಾನೂನನ್ನು ನಾನು ಆಗ ನೋಡಿದೆ. ಹರವಿದ ಕಾಳಿನ ಮೇಲೆ ಮಳೆ ಬಿದ್ದಾಗ ಅದು ಯಾರದೆಂದು ಕೇಳುವ ಹಾಗಿಲ್ಲ. ಕಿವಿಗೆ ಬಿದ್ದವರು ಬರಲೇಬೇಕು. ಬಾಗಿಲುಗಳು ಒಂದರ ಹಿಂದೊಂದು ತೆರೆದವು. ಕಿಟಕಿಯಿಂದ ಕೂಗಿದವನೇ ಮೊದಲು ಓಡಿಬಂದ, ಲುಂಗಿ ಮೇಲೆ ಕಟ್ಟಿಕೊಂಡು. ಹಲಗೆ, ಪುಟ್ಟಿ, ಮೊರ, ಕೊಡ, ಕೈಗೆ ಸಿಕ್ಕದ್ದು ಹಿಡಿದು ಬಂದರು. ಎದುರುಮನೆಯ ಸೊಸೆ ರೊಟ್ಟಿ ಹಿಟ್ಟು ಮೆತ್ತಿದ ಕೈಯಲ್ಲೇ ಗೋರಿದಳು. ಬಯ್ಯುವುದನ್ನು ಮಾತ್ರ ಯಾರೂ ಬಿಡಲಿಲ್ಲ.

“ಎಲ್ಲಾರೂ ಮುಚ್ಚಿದ್ರ ಈಕಿ ಹರವ್ಯಾಳ ನೋಡ್ರಿ! ಎಂಥಾ ಗಂಡೆದಿ!”

“ಬಾಯಿ ಆಮ್ಯಾಲೆ, ಪುಟ್ಟಿ ಕೊಡು ಈಕಡೆ!”

ಮೈದುನನೂ ಬಂದ. ಬೈಕನ್ನು ರಸ್ತೆಯಂಚಿಗೆ ಬೀಳಿಸಿಯೇ ಬಂದ. ಒಂದು ಗಳಿಗೆ ನಿಂತು ನೋಡಿದ. ಅವನ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆ; ಇಡೀ ಊರು ಅಲ್ಲಿತ್ತು ಎಂಬುದನ್ನಷ್ಟೇ ಹೇಳಬಲ್ಲೆ. “ನಿಂತು ಏನ್ ನೋಡ್ತೀರಲೇ, ಗೋರ್ರಿ!” ಎಂದು ತನ್ನ ನಾಲ್ಕು ಆಳುಗಳಿಗೆ ಗದರಿಸಿ ತಾನೂ ಬಗ್ಗಿದ. ನಮ್ಮ ತಾಡಪತ್ರಿ ಅಷ್ಟು ಕಾಳಿಗೆ ಸಾಲಲಿಲ್ಲ. ಅವನು ತನ್ನ ಗುಡ್ಡೆಯ ಮೇಲಿದ್ದ ಎರಡರಲ್ಲಿ ಒಂದನ್ನು ಎಳೆದು ತಂದು ನಮ್ಮದರ ಮೇಲೆ ಹೊದಿಸಿದ. ಅಷ್ಟರಲ್ಲಿ ಮಳೆ ಪೂರ್ತಿ ಇಳಿಯಿತು. ಮುಂದೆ ಯಾರಿಗೂ ಯಾರೂ ಕಾಣಲಿಲ್ಲ.

ತುದಿಯಲ್ಲಿದ್ದ ಸ್ವಲ್ಪ ಕಾಳು ನೆನೆದು ಚರಂಡಿಯ ಕಡೆ ಹೋಯಿತು. ಅದನ್ನು ಮರುದಿನ ಊರಿನ ಕೋಳಿಗಳು ಕರೆಯದೆ ಬಂದು ಮುಗಿಸಿದವು. ಉಳಿದದ್ದು ಒಣಗಿಯೇ ಇತ್ತು. ಬಿಸಿಲು ಬಿದ್ದ ಮೇಲೆ ಚೀಲ ತುಂಬಿಸಿದೆವು. ವ್ಯಾಪಾರದವನು ಬಂದು ಕಾಳು ಕಚ್ಚಿ ನೋಡಿದ, ತೇವದ ಮೀಟರ್ ಚುಚ್ಚಿ ನೋಡಿದ, ಇನ್ನೊಂದು ಚೀಲ ಬಿಚ್ಚಿಸಿ ನೋಡಿದ. ತಪ್ಪು ಸಿಗದೆ ಬೇಜಾರಾಗಿ ಒಣ ಕಾಳಿನ ರೇಟು ಒಪ್ಪಿಕೊಂಡ.

ತೂಕ ಮುಗಿದ ಸಂಜೆ ಮೈದುನ ಅದೇ ಇಬ್ಬರು ಹಿರಿಯರ ಜೊತೆ ಬಂದ. ತಂಗಿ ಚಹಾ ಕೊಟ್ಟಳು. ಅವನು ಲೋಟ ತಿರುಗಿಸುತ್ತ ಕೂತ.

“ಗೆದ್ರಿ ಅತ್ತಿಗಿ. ಹೊಲ ನೀವ ಮಾಡ್ರಿ,” ಅಂದ. ಚಹಾ ಒಂದು ಗುಟುಕು ಕುಡಿದು, “ಆದ್ರ ಒಂದು ಮಾತು. ಆ ದಿನ ನಾ ಬರದಿದ್ರ ಏನ್ ಮಾಡ್ತಿದ್ರಿ?”

“ಬರದ ಎಲ್ಲಿಗೆ ಹೋಗ್ತಿದ್ದಿ? ಊರೆಲ್ಲ ನೋಡ್ತಿತ್ತಲ್ಲ.”

ಹಿರಿಯರಲ್ಲೊಬ್ಬರಿಗೆ ಚಹಾ ನೆತ್ತಿಗೇರಿತು. ಮೈದುನನಿಗೂ ನಗು ತಡೆಯಲಾಗಲಿಲ್ಲ.

“ನಿನ್ನ ತಾಡಪತ್ರಿ ಒಗದು ಮಡಚಿಟ್ಟೀನಿ, ಹೋಗುವಾಗ ತಗಂಡು ಹೋಗು,” ಅಂದಳು ತಂಗಿ. “ಮತ್ತ ನೆಲದಾಗ ಹಸಿ ಐತಿ. ಹಿಂಗಾರಿಗೆ ಕಡ್ಲಿ ಹಾಕ್ತೀನಿ. ನಿನ್ನ ಟ್ರ್ಯಾಕ್ಟರ್ ಬೇಕು. ಬಾಡಿಗಿ ಎಲ್ಲಾರಿಗೂ ಎಷ್ಟೋ ನನಗೂ ಅಷ್ಟ.”

“ಯಾವಾಗ?”

“ನಾಳೆ.”

ಮೈದುನ ಏನೋ ಕೆಲಸ, ಡೀಸೆಲ್ಲು, ಹಡಗಲಿಗೆ ಹೋಗುವುದಿದೆ ಎಂದು ಶುರು ಮಾಡಿದ. ತಂಗಿ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅವನ ಮಾತು ಕಟ್ಟೆಯ ಮೇಲೆ ತಾನಾಗಿ ನಿಂತಿತು.

ಮರುದಿನ ಬೆಳಿಗ್ಗೆ ನಾನು ವ್ಯಾಯಾಮ ಮುಗಿಸಿ ಹೊಲದ ಕಡೆ ನಡೆದೆ. ಟ್ರ್ಯಾಕ್ಟರ್ ಬದುವಿನ ಹತ್ತಿರ ನಿಂತಿತ್ತು. ತಂಗಿ ಅದರ ಮುಂದೆ ನಿಂತು, ಯಾವ ಮೂಲೆಯಿಂದ ಶುರು ಮಾಡಬೇಕು, ಎಲ್ಲಿ ಕಲ್ಲಿದೆ, ಎಲ್ಲಿ ಆಳಕ್ಕೆ ಬಿಡಬಾರದು ಎಂದು ಕೈ ಮಾಡಿ ಹೇಳುತ್ತಿದ್ದಳು. ಮೈದುನ ಮೇಲೆ ಕೂತು ಹೂಂಗುಟ್ಟುತ್ತಿದ್ದ. ಅವಳ ಮಾತು ಮುಗಿಯುವವರೆಗೂ ಅವನು ಗಾಡಿ ಚಾಲೂ ಮಾಡಲಿಲ್ಲ.